ಕೆಂಪು ಬಾವುಟದ ವಾರ

ಸೀಸನ್ ಮುಗಿದ ಮೇಲೆ ಅರ್ಧ ದರ.
ಕೊಬುಲೇತಿಯ ಈ ರಿಸಾರ್ಟಿನ ಆರಂತಸ್ತಿಗೂ
ನಾವಿಬ್ಬರು, ಮತ್ತೊಬ್ಬ ಕೆಮ್ಮುವ ಮುದುಕ.
ಅವನನ್ನು ಕಂಡಿಲ್ಲ, ಕೆಮ್ಮು ಮಾತ್ರ
ಬಚ್ಚಲಿನ ಕೊಳವೆಯೊಳಗಿಂದ ಇಳಿದು ಬರುತ್ತದೆ.

ಗುರುವಾರಕ್ಕೆ ನಮಗೆ ಇಪ್ಪತ್ತೊಂದು.
ನುಗ್ಜಾರ್ ಹೊಸ ಈಜುಚಡ್ಡಿ ತಂದಿದ್ದ,
ಬೆಲೆಚೀಟಿ ಕೂಡ ಕಿತ್ತಿರಲಿಲ್ಲ.

ಬಂದ ರಾತ್ರಿಯೇ ಗಾಳಿ ಎದ್ದಿತು.
ಇಲ್ಲಿ ಮರಳಿಲ್ಲ, ಬರೀ ನುಣುಪು ಕಲ್ಲು.
ಅಲೆ ಹಿಂದೆ ಸರಿವಾಗ ಅಷ್ಟೂ ಕಲ್ಲು
ಒಟ್ಟಿಗೆ ಹಲ್ಲು ಕಡಿಯುತ್ತವೆ,
ನಿದ್ದೆಯಲ್ಲಿ ಮಕ್ಕಳು ಕಡಿಯುವ ಹಾಗೆ.

ಬೆಳಿಗ್ಗೆ ಕಂಬದ ಮೇಲೆ ಕೆಂಪು ಬಾವುಟ.
ದಡ ಕಾಯುವ ಹುಡುಗ ತೆಮುರಿ
ಎತ್ತರದ ಕುರ್ಚಿ ಬಿಟ್ಟು ಅಡುಗೆಮನೆಯಲ್ಲಿ
ಆಲೂಗಡ್ಡೆ ಸುಲಿಯುತ್ತಿದ್ದ, ಕೊರಳಲ್ಲಿ ಸೀಟಿ ಹಾಗೇ.
‘ನಾಳೆ ಬಿಡುತ್ತದೆ’ ಅಂದ.
ಮಂಗಳವಾರವೂ ಅದನ್ನೇ ಅಂದ.
ಬುಧವಾರ ಏನೂ ಅನ್ನಲಿಲ್ಲ.

ಚಾವಣಿ ಸೋರುವ ಕಡೆ ಬಕೆಟ್ಟಿಟ್ಟು
ನಾರ್ದಿ ಹಲಗೆ ಬಿಚ್ಚಿ ಕೂತೆವು.
ಅವನು ದಾಳ ಮುಚ್ಚಿಟ್ಟು ಮೋಸ ಮಾಡುತ್ತಾನೆ,
ನಾನು ನೋಡಿಯೂ ನೋಡದವಳ ಹಾಗೆ.
ಕರೆಂಟಿನ ಬಿಲ್ಲು, ಮಗಳ ಹಲ್ಲಿನ ತಂತಿ,
ಅವನ ಅಕ್ಕನ ಗಡಿಬೇಲಿಯ ಜಗಳ
ಎಲ್ಲ ಆಡಿ ಮುಗಿಸಿದೆವು ಎರಡು ದಿನಕ್ಕೆ.
ಆಮೇಲೆ ಮಾತು ತಳ ಕಂಡಿತು.
ಟಪ್, ಅಂದಿತು ಬಕೆಟ್ಟು.
ಟಪ್.

ಗುರುವಾರ ರಾತ್ರಿ ಕರೆಂಟಿಲ್ಲ.
ಅಡುಗೆಯ ನಜಿಬ್ರೋಲಾ ಮೋಂಬತ್ತಿ ಹಿಡಿದು
ದೋಣಿಯಾಕಾರದ ರೊಟ್ಟಿ ತಂದಿಟ್ಟಳು,
ಕರಗಿದ ಗಿಣ್ಣಿನ ನಡುವೆ ಹಸಿ ಹಳದಿ ತತ್ತಿ.
‘ಈ ವಾರಕ್ಕೆ ಸಿಕ್ಕ ಸೂರ್ಯ ಇವನೊಬ್ಬನೇ,
ಆರುವ ಮುಂಚೆ ಕಲಸಿ ತಿನ್ನಿ.’

ನಾನು ಸುಮ್ಮನಿರಲಾರದೆ ಅಂದೆ:
ಅಷ್ಟು ಆಸೆಪಟ್ಟು ಬಂದೆ, ಪಾಪ,
ನಿನ್ನ ಸಮುದ್ರ ನಿನಗೆ ಸಿಗಲಿಲ್ಲ.

ಅವನು ರೊಟ್ಟಿಯ ಮೂಗು ಮುರಿಯುತ್ತ
‘ಆ ಬಾವುಟ ನೋಡಿದೆನಲ್ಲ, ಲಮಾರಾ,
ಹೋದ ಜೀವ ಬಂತು’ ಅಂದ.

ಈಜು ಬಾರದಂತೆ ಅವನಿಗೆ.
ರಾಚಾದ ಗುಡ್ಡದಲ್ಲಿ ನೀರು ಮೊಣಕಾಲಿನಷ್ಟು,
ಮೈ ಕೊರೆವ ಚಳಿ, ಯಾರು ಈಜುತ್ತಾರೆ.
ಹೆಣ್ಣು ಕೇಳಲು ಬಂದ ದಿನ, ಪೋತಿಯ ನಮ್ಮ ಮನೆಯಲ್ಲಿ,
ಬಂದರಿನ ಕ್ರೇನು ಓಡಿಸುವ ನಮ್ಮಪ್ಪನ ಎದುರು
ಮೂರನೆಯ ಲೋಟಕ್ಕೆ ಬಾಯಿ ಜಾರಿ
ಪಲಿಯಾಸ್ತೋಮಿ ಸರೋವರ ದಾಟಿದ್ದೇನೆ ಅಂದುಬಿಟ್ಟಿದ್ದ.

ನಾನು ಲೆಕ್ಕ ಹಾಕತೊಡಗಿದೆ.
ಬಾತುಮಿಯಲ್ಲಿ ಕಿವಿನೋವು.
ಉರೇಕಿಯಲ್ಲಿ ಚೀಲ ಕಾಯಲು ಒಬ್ಬರು ಬೇಕು.
ಮತ್ತೊಮ್ಮೆ ಮಂಡಿ. ಮತ್ತೊಮ್ಮೆ, ಹೊಟ್ಟೆ ತುಂಬಿದೆ.
ಇಪ್ಪತ್ತೊಂದು ಬೇಸಿಗೆ ಆ ಒಂದು ಸರೋವರ
ಹೊತ್ತು ತಿರುಗಿದ್ದಾನೆ ಮನುಷ್ಯ.
ನಾನೋ, ಬಟ್ಟೆ ಬದಲಿಸಿದ ನನ್ನ ಜೊತೆ
ನಾಲ್ಕು ಜನರೆದುರು ನೀರಿಗಿಳಿಯಲು
ಇವನಿಗೆ ನಾಚಿಕೆ ಎಂದುಕೊಂಡಿದ್ದೆ.
ಅದನ್ನು ಅವನಿಗೆ ಹೇಳಿರಲಿಲ್ಲ.
ಹೇಳಿದೆ.
ಸೂರ್ಯ ಆರಿಹೋದ, ಹಾಗೇ ತಿಂದೆವು.

ಹಿತ್ತಲಲ್ಲಿ ಈಜುಕೊಳ ಇತ್ತು,
ಸೀಸನ್ ಮುಗಿಯಿತೆಂದು ಬರಿದು ಮಾಡಿದ್ದು.
ನೀಲಗಿರಿ ಎಲೆ ಕಂಡಿ ಕಟ್ಟಿ
ವಾರದ ಮಳೆಯೆಲ್ಲ ಅಲ್ಲೇ ನಿಂತಿತ್ತು,
ಆಳದ ಕಡೆ ತೊಡೆಮಟ್ಟ, ಚಹಾದ ಬಣ್ಣ.

ಶುಕ್ರವಾರ, ಸುರಿಯುವ ಮಳೆಯಲ್ಲೇ ಇಳಿಸಿದೆ.
ಲಾರಿಯ ಎಂಜಿನ್ನು ಎತ್ತುವ ಭುಜ
ಗಡಗಡ ನಡುಗುತ್ತಿತ್ತು, ಚಳಿಗೆ ಅಂದ.
ಬೆನ್ನಿನಡಿ ಅಂಗೈ ಕೊಟ್ಟೆ.
ಕತ್ತು ಬಿಡು. ಬಿಡು ಅಂದರೆ ಬಿಡು.
ಹೊರುವುದು ನೀರು, ನಾನಲ್ಲ.
ಅವನ ಮುಚ್ಚಿದ ರೆಪ್ಪೆಯ ಮೇಲೆ ಮಳೆ,
ಸೊಂಟದಲ್ಲಿ ಬೆಲೆಚೀಟಿ ತೇಲುತ್ತಿತ್ತು:
ನಲವತ್ತೈದು ಲಾರಿ, ರಿಯಾಯಿತಿ.
ಅಂಗೈ ಯಾವಾಗ ತೆಗೆದೆ ಎಂದು
ಕೇಳುತ್ತಲೇ ಇದ್ದಾನೆ. ಹೇಳುವುದಿಲ್ಲ.

ಅಡುಗೆಮನೆ ಕಿಟಕಿಯಿಂದ ತೆಮುರಿ
ಒಮ್ಮೆ ಸೀಟಿ ಊದಿದ.
ಯಾವ ತಪ್ಪಿಗೆಂದು ಅವನಿಗೂ ಗೊತ್ತಿರಲಿಲ್ಲ.

ಭಾನುವಾರ ವ್ಯಾನು ಹತ್ತುವಾಗ
ಕಂಬದ ಮೇಲೆ ಹಸಿರು ಏರುತ್ತಿತ್ತು.
ನುಗ್ಜಾರ್ ಅತ್ತ ನೋಡಿ, ಇತ್ತ ತಿರುಗಿ
ಡ್ರೈವರನ ಹತ್ತಿರ ಟೈರಿನ ಮಾತು ತೆಗೆದ.
ಚಡ್ಡಿ ಇನ್ನೂ ಒಣಗಿರಲಿಲ್ಲ.
ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ
ಕುತೈಸಿ ಬರುವವರೆಗೂ
ತೊಡೆಯ ಮೇಲಿಟ್ಟುಕೊಂಡೇ ಬಂದ.