ಇಪ್ಪತ್ತೊಂದು ನಿಮಿಷ

ಒಟ್ಟು ಆರು ಹಾಡು. ಇಪ್ಪತ್ತೊಂದು ನಿಮಿಷ.
ಎರಡು ನಮ್ಮವು, ಎರಡು ಎರವಲು,
ಇನ್ನೆರಡು ರೈಲ್ವೆ ಕ್ಲಬ್ಬಿನಲ್ಲಿ ಒಂದು ಶುಕ್ರವಾರ
ಇದ್ದದ್ದು ಇದ್ದ ಹಾಗೆ ಹಿಡಿದದ್ದು,
ಗ್ಲಾಸು ಒಡೆದದ್ದೂ ಸೇರಿ.

ಬ್ಯಾಂಡಿನ ಹೆಸರು ಗಟಿಂಗ್ ಶೆಡ್.
ಹೊರಊರಿನವರು ಕೇಳಿ ಮುಖ ಕಿವುಚುತ್ತಾರೆ,
ನರಕದ ಯಾವುದೋ ಕೋಣೆ ಇರಬೇಕೆಂದು.
ಗ್ರಿಮ್ಸ್‌ಬಿಯಲ್ಲಿ ಯಾರೂ ಹೆದರುವುದಿಲ್ಲ.
ಮೀನಿನ ಕರುಳು ಬಗೆಯುವ ಶೆಡ್ಡಿನಲ್ಲಿ
ನಮ್ಮಜ್ಜಿ ಮೂವತ್ತು ವರ್ಷ ನಿಂತಿದ್ದಳು,
ಕೊಯ್ದುಕೊಳ್ಳದಂತೆ ಬೆರಳಿಗೆ ಬಟ್ಟೆ ಸುತ್ತಿ.
ನಾವು ವಿಳಾಸ ಬರೆದುಕೊಂಡೆವು, ಅಷ್ಟೇ.

ಹಗಲು ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ
ಫೋನು ಎತ್ತುವವಳು.
'ಮಂಗಳವಾರ ಹತ್ತೂಕಾಲು ಆದೀತೇ ಮಿಸೆಸ್ ಥ್ವೇಟ್?'
ಬೆಣ್ಣೆಯಿಂದ ಕೂದಲು ತೆಗೆದಂಥ ದನಿ.
ರಾತ್ರಿ ಅದೇ ಗಂಟಲು
ನಾಭಿಯ ಕೆಳಗೆಲ್ಲೋ ಹಗ್ಗ ಇಳಿಬಿಟ್ಟು
ಕೆಸರು ಸಮೇತ ಸೇದುತ್ತದೆ.
ಮೊದಲ ಸಲ ಮನೆಯಲ್ಲಿ ಸಾಧನೆಗೆ ಕೂತಾಗ
ಬಚ್ಚಲ ಕೊಳವೆ ಕಟ್ಟಿಕೊಂಡಿತೆಂದು
ಅಮ್ಮ ಪ್ಲಂಬರನ್ನು ಕರೆಸಿದಳು.
ಬಂದ. ನಲವತ್ತು ಪೌಂಡು ಇಸಕೊಂಡ.
ಕೊಳವೆ ಚೆನ್ನಾಗಿದೆ ಅಂದ.

ನಮ್ಮವೆರಡರ ಬಗ್ಗೆ ಹೆಚ್ಚು ಹೇಳಲಾರೆ.
ಒಂದು, ಬಾಗಿಲು ಹಾಕಿದ ಮಂಜುಗಡ್ಡೆ ಕಾರ್ಖಾನೆಯದು.
ಇನ್ನೊಂದು ಲಿಂಡನ್ನನ ವಿಚ್ಛೇದನದ್ದು;
ಅವನು ಅಲ್ಲವೇ ಅಲ್ಲ ಅನ್ನುತ್ತಾನೆ.
ಡ್ರಮ್ಮು ಅಷ್ಟು ಜೋರಾಗಿ ಓಡುವುದೇಕೋ ಎಂದರೆ
'ನಿಂತರೆ ಕೇಳಿಸುತ್ತೆ' ಅಂದ.
ಏನು ಅಂತ ನಾವು ಕೇಳಲಿಲ್ಲ.

ಎರವಲಿನಲ್ಲಿ ಒಂದು ಎಲ್ಲರಿಗೂ ಗೊತ್ತಿರುವುದು,
ಬಿಡಿ. ಇನ್ನೊಂದಕ್ಕೆ ಮೂಲವೇ ಇಲ್ಲ.
ಮೂವತ್ತು ವರ್ಷದ ಕೆಳಗೆ ಇದೇ ಊರಿನ ಹುಡುಗರು
ಮೂರೇ ಸಲ ಬಾರಿಸಿ ಚದುರಿಹೋದರು.
ಕ್ಯಾಸೆಟ್ಟಿಲ್ಲ, ಕಾಗದವಿಲ್ಲ.
ಹದಿನಾಲ್ಕರ ಆ್ಯಶ್ಬಿಯನ್ನು ಒಳಗೆ ಬಿಡದೆ
ಹಿಂಬಾಗಿಲಲ್ಲಿ, ಬಿಯರ್ ಪೀಪಾಯಿಗಳ ನಡುವೆ
ಗೋಡೆಗೆ ಕಿವಿಯಿಟ್ಟು ಕೇಳಿದ್ದನಂತೆ.
ಅವನ ಬೆರಳಲ್ಲಿ ಉಳಿದದ್ದೇ ಹಾಡು.
ಮೂರನೇ ಚರಣದಲ್ಲಿ ಒಂದು ಮಾತು,
ಕಡಲೋ, ಒಡಲೋ?
ಎರಡು ತಿಂಗಳು ಜಗಳವಾಡಿದೆವು.
ಒಂದು ರಾತ್ರಿ ಲಿಂಡನ್ ಕೋಲು ಬಿಸಾಕಿ ಹೊರಟೇಹೋದ.
ಕೊನೆಗೆ ಸ್ಟುಡಿಯೊದಲ್ಲಿ ಗಂಟೆಗಿಷ್ಟೆಂದು ದುಡ್ಡು ಓಡುತ್ತಿತ್ತು;
ಕಣ್ಣು ಮುಚ್ಚಿ 'ಒಡಲು' ಅಂದೆ.

ಆರನೇ ಹಾಡು ಶುರುವಾಗುವ ಮೊದಲು
ಹನ್ನೊಂದು ಸೆಕೆಂಡು ಬರೀ ಗದ್ದಲ.
ಎರವಲನ್ನು ಆಗಷ್ಟೇ ಮುಗಿಸಿ ಏದುಸಿರು ಬಿಡುತ್ತಿದ್ದೇವೆ,
ಸ್ಪೀಕರು ಕೀಚಲಿಡುತ್ತಿದೆ,
ಮೈಕಿನ ಹತ್ತಿರ ಯಾರೋ, ಮೆಲ್ಲಗೆ:
'ಅದು ನಂದು.'

ಬಸ್ ಡ್ರೈವರನ ಯೂನಿಫಾರ್ಮಿನಲ್ಲೇ ಬಂದಿದ್ದ.
ಆಟ ಮುಗಿದ ಮೇಲೆ ಟೀಶರ್ಟಿನ ಮೇಜಿನ ಮುಂದೆ
ತುಂಬ ಹೊತ್ತು ನಿಂತ, ಗಿರಾಕಿಯಂತಲ್ಲ,
ಸ್ಟೇಷನ್ನಿನಲ್ಲಿ ಕಳೆದ ಕೊಡೆ ಕೇಳಲು ಬಂದವನಂತೆ.
ಆ್ಯಶ್ಬಿ ಮಾತು ಹೊರಡದೆ ಕೇಬಲ್ಲು ಸುತ್ತುತ್ತಲೇ ಇದ್ದ,
ಸುತ್ತಿದ್ದನ್ನೇ ಬಿಚ್ಚಿ ಮತ್ತೆ.
ನಾನೇ ಕೇಳಿದೆ: ಕಡಲೋ, ಒಡಲೋ?

ಅವನು ನನ್ನನ್ನೇ ನೋಡಿದ.
'ಮೂರನೇ ಚರಣ ಬರೆದೇ ಇರಲಿಲ್ಲ ಕಣಮ್ಮ.
ಅಲ್ಲಿಗೆ ಬಂದಾಗೆಲ್ಲ ಸುಮ್ಮನೆ ಕೂಗುತ್ತಿದ್ದೆ.'
ಆಮೇಲೆ, ಕ್ಷಮೆ ಕೇಳುವವನ ಹಾಗೆ,
'ಒಡಲು ಇರಲಿ. ಪರವಾಗಿಲ್ಲ.'

ಚಿಲ್ಲರೆ ಎಣಿಸಿ ಎಣಿಸಿ ಬ್ಯಾಡ್ಜೊಂದು ಕೊಂಡ.
ಹತ್ತೂಐವತ್ತಕ್ಕೆ ಕ್ಲೀಥಾರ್ಪ್ಸಿನ ಕೊನೆಯ ಬಸ್ಸು
ಅವನಿಲ್ಲದೆ ಹೊರಡುವಂತಿಲ್ಲ.

ಮಿಕ್ಸಿಂಗಿನ ದಿನ ಆ ಹನ್ನೊಂದು ಸೆಕೆಂಡು
ಕತ್ತರಿಸಿ ಬಿಡಲೇ ಎಂದ ಎಂಜಿನಿಯರು.
ಲಿಂಡನ್ನೇ ಬೇಡ ಅಂದ, ನಾವಲ್ಲ.
ನೂರು ಪ್ರತಿ ಒತ್ತಿಸಿದೆವು. ಅರವತ್ತೊಂದು
ಇನ್ನೂ ಆ್ಯಶ್ಬಿಯ ಮಂಚದ ಕೆಳಗಿವೆ.
ಒಳಹಾಳೆಯಲ್ಲಿ, ಸಣ್ಣ ಅಕ್ಷರದಲ್ಲಿ:
ಹಾಡು ನಾಲ್ಕು, ಕ್ಲೈವ್ ಬ್ಲಾಂಚರ್ಡ್.
ಒಂದು ಮಾತು ಬಿಟ್ಟು.