ಕಿರೀಟಕ್ಕೆ ಗಾಜು

ಕೂರು. ಮಣಿ ಆರಿಸುವ ಕೆಲಸಕ್ಕೆ ಆತುರ ಒಗ್ಗುವುದಿಲ್ಲ.
ನೀಲಿ ಬೇಕೆಂದೆಯಲ್ಲ, ಇಗೋ ಈ ಬೋಗುಣಿ ನೋಡು:
ಕಡಲ ನೀಲಿ, ಪಾರಿವಾಳದ ಕೊರಳ ನೀಲಿ.
ಇದೊಂದು ಮಾತ್ರ ಮಾರಾಟಕ್ಕಲ್ಲ.

ನಿನ್ನ ಹೆಸರೇನೆಂದೆ? ದೌಲತ್?
ನಕ್ಕೆನೆಂದು ತಪ್ಪು ತಿಳಿಯಬೇಡ.
ಈ ಊರಲ್ಲಿ ಆ ಹೆಸರಿಡದೆಯೇ
ಅದನ್ನು ತಲೆಮೇಲೆ ಹೊತ್ತು ತಿರುಗಿದವರು
ಸಾವಿರ ವರ್ಷ ಇದ್ದರು.

ನಮ್ಮ ಮನೆತನದ ಮೊದಲಿನವ
(ಹೆಸರು ಉಳಿದಿಲ್ಲ, ಕುಲುಮೆಯ ಉರಿಗೆ ಕಣ್ಣು ಕಳಕೊಂಡವ ಅಂತಷ್ಟೇ)
ದೊಡ್ಡ ಇಗರ್ಜಿಯ ಗುಮ್ಮಟಕ್ಕೆ ಹರಳು ಸುಟ್ಟವನಂತೆ.
ಎರಡು ಗಾಜಿನ ನಡುವೆ
ಉಸಿರು ತಾಕಿದರೆ ಹಾರುವಷ್ಟು ತೆಳು ಬಂಗಾರ.
ತುಪ್ಪಳದ ಟೊಪ್ಪಿಯ ರಾಯಭಾರಿಗಳು ಕತ್ತೆತ್ತಿ ನೋಡಿ
ಬಂದ ಕಾರಣ ಮರೆತು ಹೋಗುತ್ತಿದ್ದರಂತೆ.
ನಮ್ಮ ನಾಣ್ಯವನ್ನು ಎಲ್ಲೋ ದೂರದ ಬಂದರಿನಲ್ಲಿ
ಕಚ್ಚಿ ನೋಡದೆ ಜೇಬಿಗಿಳಿಸುತ್ತಿದ್ದರಂತೆ.
ಅಂತೆ ಕಂತೆಗಳ ಸಂತೆ.
ನನಗೆ ಬಂದ ಆಸ್ತಿಯಲ್ಲಿ ಅರ್ಧ ಈ ‘ಅಂತೆ’,
ಉಳಿದರ್ಧ ಈ ಇಕ್ಕಳ.

ಆಮೇಲೆ ಪಡುವಣದಿಂದ ಹಡಗು ಬಂದವು,
ಹಾಯಿಯ ಮೇಲೆ ನಮ್ಮದೇ ಶಿಲುಬೆ.
ಇಲ್ಲಿಗೆ ಬಂದಾಗ ಅಜ್ಜಿ ದನಿ ತಗ್ಗಿಸುತ್ತಿದ್ದಳು,
ಇನ್ನೂರು ವರ್ಷ ಕಳೆದ ಮೇಲೂ.
ಬೆಳ್ಳಿ ಹೇರಲು ಹೇಸರಗತ್ತೆಗಳನ್ನು ಇಗರ್ಜಿಯೊಳಕ್ಕೇ ಹೊಡಕೊಂಡು ಬಂದರು,
ನುಣುಪು ನೆಲದಲ್ಲಿ ಒಂದರ ಕಾಲು ಮುರಿಯಿತು.
ಅಷ್ಟೇ ಹೇಳಿ ಎದ್ದುಬಿಡುವಳು, ಒಲೆಯ ಮೇಲೆ ಏನೂ ಇಲ್ಲದಿದ್ದರೂ.

ಊರು ಮತ್ತೆ ನಮ್ಮದಾಯಿತು, ಅನ್ನು.
ಆದರೆ ಕಿರೀಟದ ಕಲ್ಲುಗಳು ವೆನಿಸಿನಲ್ಲಿ ಅಡವಿಗೆ ಬಿದ್ದವು,
ಬಿಡಿಸಿಕೊಳ್ಳಲು ಬೊಕ್ಕಸದಲ್ಲಿ ಇಲಿ ಬಿಟ್ಟರೆ ಮತ್ತೇನಿಲ್ಲ.
ಹೊಸ ಅರಸನಿಗೆ ಪಟ್ಟವಾಗಬೇಕು.
ಒಂದು ರಾತ್ರಿ ಅಪ್ಪನ ಅಜ್ಜ ಲೆಯೊಂದಿಯೋಸನ ಬಾಗಿಲು ಬಡಿದರು:
ಕೆಂಪು ಹನ್ನೆರಡು, ಹಸಿರು ಎಂಟು,
ನೀಲಿ ಎಷ್ಟಾದರೂ ಸರಿ,
ಹೆಂಡತಿಗೂ ಹೇಳಕೂಡದು.
(ಹೆಂಡತಿಯೇ ತಿದಿ ಒತ್ತಿದಳು.)
ಮೂರು ರಾತ್ರಿ ಕುಲುಮೆ ಆರಲಿಲ್ಲ.
ಕೂಲಿ ಇನ್ನೂ ಬರಬೇಕು.

ಪಟ್ಟದ ದಿನ ಬಿಸಿಲು ಚೆನ್ನಾಗಿತ್ತು.
ಬಿಸಿಲಿಗೆ ಗಾಜೂ ಹೊಳೆಯುತ್ತದೆ, ಅದಕ್ಕೇನು ಬುದ್ಧಿಯೇ?
ಔತಣಕ್ಕೆ ಮಣ್ಣಿನ ತಟ್ಟೆ, ತವರದ ಬಟ್ಟಲು.
ಗುಂಪಿನಲ್ಲಿ ನಿಂತ ಲೆಯೊಂದಿಯೋಸ್
ತಾನೇ ಅರೆದು ಮಾಡಿದ್ದಕ್ಕೆ ತಾನೇ ತಲೆಬಾಗಿಸಿದ.
ಪಕ್ಕದ ಮೀನುಗಾರ ಮೆಲ್ಲಗೆ ಕೇಳಿದನಂತೆ,
ಕೆಂಪು ಚೆನ್ನಾಗಿ ಬಂದಿದೆ, ತಾಮ್ರ ಹಾಕಿದೆಯಾ?
ಎಲ್ಲರಿಗೂ ಗೊತ್ತಿತ್ತು ಹುಡುಗಿ,
ಗೊತ್ತಿದ್ದೇ ಬಾಗಿದರು.
ಅದಕ್ಕೇ ಇನ್ನೊಂದು ನೂರು ವರ್ಷ ನಿಂತಿತು
ಅನ್ನುತ್ತಿದ್ದ ಅಪ್ಪ.

ಆ ಮಂಗಳವಾರವನ್ನು ನನ್ನ ಕೇಳಬೇಡ.
ನಿನ್ನ ಗಂಡ ಗೋಡೆಯ ಆಚೆಗಿದ್ದ,
ನನ್ನ ಸ್ತಮಾತಿಯೋಸ್ ಗೋಡೆಯ ಮೇಲೆ.
ಐವತ್ತು ದಿನ ಫಿರಂಗಿಯ ಸದ್ದಿಗೆ
ಈ ಕಪಾಟಿನ ಗಾಜೆಲ್ಲ ಗುಣುಗುಟ್ಟುತ್ತಿತ್ತು,
ನಿದ್ದೆಯಲ್ಲಿ ಮಗು ನರಳಿದ ಹಾಗೆ.
ಒಂದು ಬೆಳಗ್ಗೆ ನಿಂತಿತು.
ನಿಂತದ್ದೇ ನನಗೆ ಸುದ್ದಿ.
ಅವನ ಒಂದು ಕೆರ ಸಿಕ್ಕಿತು, ಅವನದೋ ಅಲ್ಲವೋ.

ಇರಲಿ. ಮಗುವಿಗೆ ದೃಷ್ಟಿ ತಾಕದಿರಲೆಂದು ತಾನೆ ನಿನಗೆ ನೀಲಿ?
ನಾವೂ ಅದನ್ನೇ ಕಟ್ಟುತ್ತಿದ್ದೆವು,
ತೊಟ್ಟಿಲಿಗೆ, ಕತ್ತೆಯ ಕೊರಳಿಗೆ, ದೋಣಿಯ ಮೂತಿಗೆ.
ಊರಿಗೆ ಕಟ್ಟಲು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಮಾರದ್ದನ್ನೇ ನೋಡುತ್ತಿದ್ದೀಯ. ಹಿಡಿ, ಬೆಳಕಿಗೆತ್ತು.
ಒಳಗೆ ಗುಳ್ಳೆ ಕಂಡಿತೇ, ಸಾಸಿವೆಯಷ್ಟು?
ಅದಕ್ಕೇ ಕಿರೀಟದವರು ಬೇಡವೆಂದದ್ದು.
ಆ ರಾತ್ರಿಯ ಗಾಳಿ ಅದು,
ಈ ಊರಿನಲ್ಲಿ ಬೇರೆಲ್ಲೂ ಉಳಿದಿಲ್ಲ.
ಕೊಡು ಇತ್ತ, ಕೈ ಬೆವರಿದೆ ನಿನಗೆ.

ಪಾರಿವಾಳದ್ದು ಎರಡು, ಕಡಲಿನದು ಒಂದು, ಮೂರು ಕಾಸು.
ಹೊಸದು ಕೊಡು. ಹಳೆಯದರ ಮೇಲಿರುವ ಮುಖ ಸವೆದು
ನನಗೂ ಯಾರದೆಂದು ತಿಳಿಯುವುದಿಲ್ಲ.