ಮೇಣದ ಮೈ

ನಮ್ಮ ಉಶಾಂತ್ ದ್ವೀಪದಲ್ಲಿ
ಕಡಲಿನ ಸಾವು ಹಗಲಲ್ಲಿ ಮನೆಗೆ ಬರುವುದಿಲ್ಲ.
ಕತ್ತಲಾದ ಮೇಲೆ ಹಿರಿಯನೊಬ್ಬ ಬಂದು
ಬಾಗಿಲು ಬಿಟ್ಟು ಕಿಟಕಿ ತಟ್ಟುತ್ತಾನೆ:
'ಇವತ್ತು ರಾತ್ರಿ ನಿಮ್ಮಲ್ಲಿ ಪ್ರೊಯೆಲ್ಲಾ, ಮಗಳೇ.'
ಅಷ್ಟೇ. ಯಾರದೆಂದು ಹೇಳುವುದಿಲ್ಲ.
ನೀರಿನ ಮೇಲೆ ಯಾರಿದ್ದಾರೆಂದು
ಮನೆಗೆ ಗೊತ್ತಿರುತ್ತದೆ.

ಆ ವರ್ಷ ಮಾತ್ರ ಮಾಲ್ಗೋರ್ನ್ ಮುದುಕ ಹಗಲಲ್ಲೇ ಬಂದ.
ಜರ್ಮನರು ದೀಪಸ್ತಂಭದ ಕಣ್ಣು ಮುಚ್ಚಿಸಿದ್ದರು;
ಕತ್ತಲಲ್ಲಿ ಓಡಾಡಿದರೆ ಗುಂಡು.
ಅಮ್ಮ ಹಿತ್ತಲಲ್ಲಿ ಆಲೂಗಡ್ಡೆ ಅಗೆಯುತ್ತಿದ್ದವಳು
ತಟ್ಟಿದ ಸದ್ದಿಗೆ ತಲೆಯೆತ್ತಿ
'ಹೊತ್ತು ಮುಳುಗಿಲ್ಲವಲ್ಲ' ಅಂದಳು,
ಹೊತ್ತು ಮುಳುಗದೆ ಬಂದದ್ದು ಸುಳ್ಳೇನೋ ಎಂಬಂತೆ.

ಮಣ್ಣು ಮಾಡಲು ಮೈ ಬೇಕು.
ಮೈ ಸಿಗದವರಿಗೆ ನಮ್ಮಲ್ಲಿ ಮೇಣ:
ಕಿರುಬೆರಳುದ್ದದ ಒಂದು ಶಿಲುಬೆ.
ಬಿಳಿ ಬಟ್ಟೆಯ ಮೇಲೆ ಮಲಗಿಸಿ
ರಾತ್ರಿಯಿಡೀ ಕಾಯುತ್ತೇವೆ, ಹೆಣ ಕಾದಂತೆ.
ಬೆಳಿಗ್ಗೆ ಪಾದ್ರಿ ಬಂದು ಒಯ್ಯುತ್ತಾರೆ.
ಅಣ್ಣ ಗೂಲ್ವೆನ್ ಆರಡಿ ಆಳು,
ಬಾಗಿಲಲ್ಲಿ ಬಗ್ಗಿ ಬರುತ್ತಿದ್ದವನು.
ನನ್ನ ಅಂಗೈಯಲ್ಲಿ ಅವನ ಭಾರ
ಒಂದು ಗುಂಡಿಯಷ್ಟೂ ಇರಲಿಲ್ಲ.

ಅವನಿದ್ದದ್ದು ಬಾಯ್ಲರ್ ಕೋಣೆಯಲ್ಲಿ.
ಕೊನೆಯ ಕಾಗದ ಬಂದದ್ದು ಜೂನಿನಲ್ಲಿ:
'ಕೆಳಗೆ ಬೆಂಕಿ, ಮೇಲೆ ಆಫ್ರಿಕದ ಬಿಸಿಲು.
ಸೆಕೆ ಅಂದರೆ ಸೆಕೆ, ಅಮ್ಮಾ.
ನಮ್ಮ ಗಾಳಿಯನ್ನು ಒಂದು ಸೀಸೆಯಲ್ಲಿ ತುಂಬಿ
ಬಿರಡೆ ಬಿಗಿದು ಕಳಿಸು.'

ಮೆರ್ಸ್-ಎಲ್-ಕೆಬೀರ್. ನಮಗೆ ಉಚ್ಚರಿಸಲೂ ಬರದ ಊರು.
ಲಂಗರು ಇಳಿಸಿ ಕಟ್ಟಿ ನಿಲ್ಲಿಸಿದ ಹಡಗುಗಳು.
ಹೊಡೆದವರು ಶತ್ರುಗಳಲ್ಲ, ಇಂಗ್ಲಿಷರು,
ಮೊನ್ನೆ ಮೊನ್ನೆ ಇವರೊಡನೆ ತಂಬಾಕು ಹಂಚಿಕೊಂಡವರು.
ಹಡಗು ಮಗುಚಿಕೊಳ್ಳಲು ಹಿಡಿದ ಹೊತ್ತು
ನಮ್ಮಲ್ಲಿ ಒಂದು ಹಸು ಕರೆಯುವಷ್ಟೂ ಅಲ್ಲ.
ಕಾರಣಗಳಿದ್ದುವಂತೆ. ಆಮೇಲೆ ಓದಿದೆ,
ಈ ಕಡೆಯವೂ ಆ ಕಡೆಯವೂ,
ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾರಣಗಳು.

ಕರ್ಫ್ಯೂ ಅಂತ ಹೆಂಗಸರೆಲ್ಲ ಬೆಳಕಿರುವಾಗಲೇ ಬಂದರು.
ಬಂದವರು ಬೆಳಗಿನ ತನಕ ಏಳುವಂತಿಲ್ಲ;
ಏಳಬಾರದೆಂಬುದೇ ನಮ್ಮ ಶಾಸ್ತ್ರ.
ಜಪಸರ ಒಂದು ಸುತ್ತು ಮುಗಿದಾಗ
ಪಕ್ಕದ ಮನೆಯ ಫ್ರಾಂಸೀನ್ ಇಂಗ್ಲಿಷರನ್ನು ಶಪಿಸಿದಳು,
ಹೊಟ್ಟೆಯೊಳಗಿನ ಕೂಸುಗಳನ್ನೂ ಬಿಡದೆ.
ಯಾರೂ ತಡೆಯಲಿಲ್ಲ.
ಗೋಡೆಯ ಕಡೆ ಕೂತಿದ್ದ ಅಜ್ಜಿ
ಬಹಳ ಹೊತ್ತಿನ ಮೇಲೆ ಬಾಯಿ ತೆರೆದಳು.

'ತೊಂಬತ್ತಾರರಲ್ಲಿ ಅವರ ಹಡಗು ಬಂಡೆಗೆ ಬಡಿದು
ಹೆಣಗಳು ನಮ್ಮ ದಡಕ್ಕೆ ಬಂದುವಲ್ಲ.
ನನ್ನ ಪಾಲಿಗೆ ಒಂದು ಹುಡುಗಿ ಬಂತು, ಬರಿಗಾಲು.
ಮದುವೆಯ ಕಾಲುಚೀಲ ತೆಗೆದು ಹಾಕಿದೆ.
ಒದ್ದೆ ಕಾಲಿಗೆ ಉಣ್ಣೆ ಏರುವುದಿಲ್ಲ,
ಹಿಮ್ಮಡಿಯ ಹತ್ತಿರ ಸಿಕ್ಕಿಕೊಳ್ಳುತ್ತದೆ.'

ನಾವು ಕಾದೆವು. ಅಜ್ಜಿ ಮುಂದುವರಿಸಲಿಲ್ಲ.
ಕ್ಷಮೆಯ ಮಾತೋ, ಸಾಲದ ಲೆಕ್ಕವೋ,
ತೊಂಬತ್ತೆರಡಾದರೂ ನನಗೆ ತಿಳಿದಿಲ್ಲ.
ಫ್ರಾಂಸೀನ್ ಎದ್ದು ಒಲೆಗೆ ಹುಲ್ಲುಹೆಂಟೆ ಹಾಕಿದಳು.
ಹೊರಗೆ ಬೂಟುಗಳು ಬಂದು, ನಿಂತು, ಹೋದುವು.

ಈಚೆಗೆ ಪಟ್ಟಣದಿಂದ ಒಬ್ಬ ಹುಡುಗ ಬಂದಿದ್ದ,
ಕಲ್ಲಿನಲ್ಲಿ ಕೆತ್ತಲು ಹೆಸರು ಬೇಕೆಂದು.
ಸಾವಿರ ಮೀರಿದ ಹೆಸರಂತೆ; ನಮ್ಮದು ತಪ್ಪಾಗಿ ಬರೆದಿತ್ತು.
ಒಂದು ಅಕ್ಷರ ತಿದ್ದಿಕೊಟ್ಟೆ.
'ಇನ್ನೇನಾದರೂ ನೆನಪಿದೆಯೇ?' ಅಂದ.

ಬೆಳಗಿನ ಜಾವ, ಎಲ್ಲರೂ ತೂಕಡಿಸುತ್ತಿದ್ದಾಗ,
ಮೇಣದಬತ್ತಿ ಬಗ್ಗಿ ಉರಿಯುತ್ತಿತ್ತು.
ಶಿಲುಬೆಯ ಒಂದು ತೋಳು ಬೆವರತೊಡಗಿತ್ತು.
ಉರಿಯುವುದೂ ಮೇಣ, ಮಲಗಿದ್ದೂ ಮೇಣ.
ಅಮ್ಮ ಮೆಲ್ಲಗೆ ಎದ್ದು
ಬತ್ತಿಯನ್ನು ಎರಡು ಬೆರಳು ಆಚೆ ಸರಿಸಿದಳು.
ಆಮೇಲೆ ಕಿಟಕಿಯ ಚಿಲಕ ತೆಗೆದು
ಒಂದು ಸೀಸೆಯಷ್ಟು ಗಾಳಿ ಒಳಗೆ ಬಿಟ್ಟಳು.